ಮೋನಿಕಾ ಸೆಲೆಸ್

ಮೋನಿಕಾ ಸೆಲೆಸ್ (ಜನನ: ಡಿಸೆಂಬರ್ 2, 1973) ಯುಗೊಸ್ಲಾವಿಯದಲ್ಲಿ ಜನಿಸಿ, ಮುಂದೆ ಅಮೆರಿಕ ಸಂಯುಕ್ತ ಸಂಸ್ಥಾನದ ಪೌರತ್ವ ಪಡೆದ ಮಾಜಿ ವೃತ್ತಿಪರ ಟೆನಿಸ್ ಆಟಗಾರ್ತಿ. ಮಹಿಳೆಯರ ಸಿಂಗಲ್ಸ್ ವಿಭಾಗದಲ್ಲಿ 9 ಗ್ರ್ಯಾಂಡ್ ಸ್ಲಾಮ್ ಪ್ರಶಸ್ತಿಗಳನ್ನು ಗೆದ್ದಿರುವ ಇವರು ಒಟ್ಟು 178 ವಾರಗಳ ಕಾಲ ವಿಶ್ವದ ಅಗ್ರ ಕ್ರಮಾಂಕದಲ್ಲಿದ್ದರು. ಈ 9 ಪ್ರಶಸ್ತಿಗಳಲ್ಲಿ 8 ಪ್ರಶಸ್ತಿಗಳನ್ನು ಇಪ್ಪತ್ತು ವರ್ಷ ತುಂಬುವುದಕ್ಕೆ ಮೊದಲೇ ಗೆದ್ದರು ಎಂಬುದು ಅವರ ವೃತ್ತಿಜೀವನದ ವೈಶಿಷ್ಟ್ಯ. 1993ರ ಏಪ್ರಿಲ್ 30ರಂದು ಜರ್ಮನಿಯ ಹ್ಯಾಂಬರ್ಗ್ ನಗರದಲ್ಲಿ ಪಂದ್ಯ ನಡೆಯುತ್ತಿದ್ದಾಗಲೇ ಪ್ರೇಕ್ಷಕನೊಬ್ಬ ಅಂಕಣದ ಅಂಚಿನಲ್ಲಿ ಅವರ ಬೆನ್ನಿಗೆ ಚಾಕುವಿನಿಂದ ಇರಿದನು. ಆ ಘಟನೆಯ ನಂತರ ಎರಡು ವರ್ಷಕ್ಕೂ ಹೆಚ್ಚು ಕಾಲ ಅವರು ಸ್ಪರ್ಧೆಯಿಂದ ದೂರ ಉಳಿದರು. 1995ರಲ್ಲಿ ಮರಳಿ ಬಂದು ಇನ್ನೊಂದು ಗ್ರ್ಯಾಂಡ್ ಸ್ಲಾಮ್ ಪ್ರಶಸ್ತಿಯನ್ನೂ ಒಲಿಂಪಿಕ್ ಕಂಚಿನ ಪದಕವನ್ನೂ ಗೆದ್ದರು. 2009ರಲ್ಲಿ ಅಂತರರಾಷ್ಟ್ರೀಯ ಟೆನಿಸ್ ಕೀರ್ತಿಭವನಕ್ಕೆ ಸೇರ್ಪಡೆಯಾದರು.

ಜನನ ಮತ್ತು ಬಾಲ್ಯ

ಮೋನಿಕಾ ಸೆಲೆಸ್ ಅವರು ಜನಿಸಿದ್ದು ಡ್ಯಾನ್ಯೂಬ್ ನದಿಯ ದಡದಲ್ಲಿರುವ ನೊವಿ ಸಾಡ್ ನಗರದಲ್ಲಿ. ಅಂದು ಯುಗೊಸ್ಲಾವಿಯಕ್ಕೆ ಸೇರಿದ್ದ ಈ ನಗರ ಇಂದು ಸರ್ಬಿಯಾ ದೇಶದ ವೊಯ್ವೊದಿನಾ ಪ್ರಾಂತ್ಯದಲ್ಲಿದೆ. ಅವರದು ಹಂಗೇರಿ ಮೂಲದ ಕುಟುಂಬ. ತಂದೆ ಕಾರೊಲಿ ಸೆಲೆಸ್ ವೃತ್ತಿಯಿಂದ ವ್ಯಂಗ್ಯಚಿತ್ರಕಾರರು, ತಾಯಿ ಎಸ್ತರ್, ಅಣ್ಣ ಜೋಲ್ಟಾನ್ ಕೂಡ ಟೆನಿಸ್ ಆಟಗಾರ.

ಐದನೆಯ ವಯಸ್ಸಿನಲ್ಲಿ ಮೋನಿಕಾ ರ‍್ಯಾಕೆಟ್ ಹಿಡಿದರು. ಮನೆಯ ಸಮೀಪದ ವಾಹನ ನಿಲುಗಡೆ ಜಾಗವೇ ಅವರ ಮೊದಲ ಅಂಕಣವಾಯಿತು. ಮಗಳಿಗೆ ಅಭ್ಯಾಸ ಬೇಸರವಾಗಬಾರದೆಂದು ತಂದೆ ಟೆನಿಸ್ ಚೆಂಡುಗಳ ಮೇಲೆ ಚಿತ್ರಗಳನ್ನು ಬರೆದು ಕೊಡುತ್ತಿದ್ದರು. ಚಿಕ್ಕ ಕೈಗಳಿಗೆ ರ‍್ಯಾಕೆಟ್ ಭಾರವಾಗುತ್ತಿದ್ದುದರಿಂದ ಎರಡೂ ಬದಿಗಳಲ್ಲಿ ಎರಡು ಕೈಗಳಿಂದ ಹೊಡೆಯುವುದನ್ನು ರೂಢಿಸಿಕೊಂಡರು. ಈ ಅಭ್ಯಾಸ ಅವರಲ್ಲಿ ಕೊನೆಯವರೆಗೂ ಉಳಿಯಿತು. ತಂದೆಯ ಜೊತೆಗೆ ಯೆಲೆನಾ ಗೆಂಚಿಚ್ ಎಂಬ ತರಬೇತುದಾರರೂ ಅವರಿಗೆ ಆರಂಭದ ಪಾಠಗಳನ್ನು ಹೇಳಿಕೊಟ್ಟರು. ಮುಂದೆ ನೊವಾಕ್ ಜೊಕೊವಿಚ್ ಅವರ ಬಾಲ್ಯದ ಗುರುವೂ ಆದವರು ಇವರೇ.

1985ರಲ್ಲಿ ಅಮೆರಿಕದ ಮಯಾಮಿಯಲ್ಲಿ ನಡೆದ ಆರೆಂಜ್ ಬೌಲ್ ಕಿರಿಯರ ಪಂದ್ಯಾವಳಿಯಲ್ಲಿ ಮೋನಿಕಾ ಪ್ರಶಸ್ತಿ ಗೆದ್ದರು. ಅಲ್ಲಿ ಅವರ ಆಟವನ್ನು ಗಮನಿಸಿದ ಪ್ರಸಿದ್ಧ ತರಬೇತುದಾರ ನಿಕ್ ಬೊಲೆಟಿಯರಿ, ಫ್ಲಾರಿಡಾ ರಾಜ್ಯದ ಬ್ರೇಡೆಂಟನ್‌ನಲ್ಲಿದ್ದ ತಮ್ಮ ಟೆನಿಸ್ ಶಾಲೆಗೆ ಆಹ್ವಾನಿಸಿದರು. 1986ರಲ್ಲಿ ಮೋನಿಕಾ ಅಮೆರಿಕಕ್ಕೆ ತೆರಳಿದರು. ಪರಿಚಯವಿಲ್ಲದ ದೇಶ, ಬಾರದ ಭಾಷೆ, ಮನೆಯವರಿಂದ ದೂರ ಇವೆಲ್ಲವೂ ಹನ್ನೆರಡರ ಹುಡುಗಿಗೆ ಸುಲಭವಾಗಿರಲಿಲ್ಲ. ಕೆಲಕಾಲದ ಬಳಿಕ ತಂದೆ-ತಾಯಿಯೂ ಅಲ್ಲಿಗೆ ಬಂದು ನೆಲೆಸಿದರು. ತಂದೆಯೇ ಮತ್ತೆ ಮುಖ್ಯ ಮಾರ್ಗದರ್ಶಕರಾದರು.

ವೃತ್ತಿಜೀವನದ ಆರಂಭ (1988–1989)

ಮೋನಿಕಾ ಸೆಲೆಸ್ ಅವರು 1988ರಲ್ಲಿ, 14ನೆಯ ವಯಸ್ಸಿನಲ್ಲಿ, ಹವ್ಯಾಸಿ ಆಟಗಾರ್ತಿಯಾಗಿಯೇ ವೃತ್ತಿಪರರ ಪಂದ್ಯಾವಳಿಯೊಂದರಲ್ಲಿ ಮೊದಲ ಬಾರಿಗೆ ಆಡಿದರು. 1989ರ ಫೆಬ್ರವರಿಯಲ್ಲಿ ವೃತ್ತಿಪರ ಆಟಗಾರ್ತಿಯಾದರು. ಅದೇ ವರ್ಷ ಹ್ಯೂಸ್ಟನ್ ಪಂದ್ಯಾವಳಿಯ ಫೈನಲ್‌ನಲ್ಲಿ, ನಿವೃತ್ತಿಯ ಅಂಚಿನಲ್ಲಿದ್ದ ಹಿರಿಯ ಆಟಗಾರ್ತಿ ಕ್ರಿಸ್ ಎವರ್ಟ್ ಅವರನ್ನು 3–6, 6–1, 6–4ರಿಂದ ಸೋಲಿಸಿ ಮೊದಲ ಪ್ರಶಸ್ತಿ ಗೆದ್ದರು. ಕೆಲವೇ ವಾರಗಳ ನಂತರ ಫ್ರೆಂಚ್ ಓಪನ್‌ನಲ್ಲಿ ಸೆಮಿಫೈನಲ್ ತಲುಪಿ, ಅಂದಿನ ಅಗ್ರ ಆಟಗಾರ್ತಿ ಜರ್ಮನಿಯ ಸ್ಟೆಫಿ ಗ್ರಾಫ್ ಅವರಿಗೆ ಮೂರು ಸೆಟ್‌ಗಳ ಹೋರಾಟದಲ್ಲಿ ಮಣಿದರು. ಸೆಲೆಸ್–ಗ್ರಾಫ್ ಸ್ಪರ್ಧೆಗೆ ನಾಂದಿಯಾದ ಪಂದ್ಯವಿದು. ವರ್ಷಾಂತ್ಯದ ಹೊತ್ತಿಗೆ ಸೆಲೆಸ್ ವಿಶ್ವದ 6ನೆಯ ಕ್ರಮಾಂಕಕ್ಕೆ ಏರಿದ್ದರು.

ಮೊದಲ ಗ್ರ್ಯಾಂಡ್ ಸ್ಲಾಮ್ (1990)

1990ರಲ್ಲಿ ಸೆಲೆಸ್ ಸತತವಾಗಿ ಆರು ಪಂದ್ಯಾವಳಿಗಳನ್ನು ಗೆದ್ದು, 36 ಪಂದ್ಯಗಳ ಅಜೇಯ ಸರಣಿ ಕಟ್ಟಿದರು. ಮೇ ತಿಂಗಳಿನಲ್ಲಿ ಬರ್ಲಿನ್‌ನಲ್ಲಿ ನಡೆದ ಜರ್ಮನ್ ಓಪನ್ ಫೈನಲ್‌ನಲ್ಲಿ ಗ್ರಾಫ್ ಅವರನ್ನು ಅವರ ತಾಯ್ನೆಲದಲ್ಲಿಯೇ 6–4, 6–3ರಿಂದ ಸೋಲಿಸಿದರು. ಗ್ರಾಫ್ ಅವರ 66 ಪಂದ್ಯಗಳ ಸತತ ಗೆಲುವು ಇದರೊಂದಿಗೆ ಕೊನೆಗೊಂಡಿತು.

ಜೂನ್‌ನಲ್ಲಿ ಫ್ರೆಂಚ್ ಓಪನ್ ಫೈನಲ್‌ನಲ್ಲಿ ಇಬ್ಬರೂ ಮತ್ತೆ ಎದುರಾದರು. ಮೊದಲ ಸೆಟ್‌ನ ಟೈ-ಬ್ರೇಕ್‌ನಲ್ಲಿ ನಾಲ್ಕು ಸೆಟ್ ಪಾಯಿಂಟ್‌ಗಳನ್ನು ಉಳಿಸಿಕೊಂಡ ಸೆಲೆಸ್ 7–6, 6–4ರಿಂದ ಗೆದ್ದು, 16 ವರ್ಷ 6 ತಿಂಗಳ ವಯಸ್ಸಿನಲ್ಲಿ ಫ್ರೆಂಚ್ ಓಪನ್‌ನ ಅತಿ ಕಿರಿಯ ಚಾಂಪಿಯನ್ ಎನಿಸಿದರು. ಆ ವರ್ಷ ಹಿನ್ನಡೆಗಳೂ ಇದ್ದವು. ವಿಂಬಲ್ಡನ್ ಕ್ವಾರ್ಟರ್‌ಫೈನಲ್‌ನಲ್ಲಿ ಝೀನಾ ಗ್ಯಾರಿಸನ್ ಎದುರು ಮೂರನೆಯ ಸೆಟ್ಟನ್ನು 9–7ರಿಂದ ಕಳೆದುಕೊಂಡು ಹೊರಬಿದ್ದರು. ಯು.ಎಸ್. ಓಪನ್‌ನಲ್ಲಿ ಮೂರನೆಯ ಸುತ್ತಿನಲ್ಲಿಯೇ ಸೋತರು.

ವರ್ಷಾಂತ್ಯದಲ್ಲಿ ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ನಡೆಯುತ್ತಿದ್ದ ಅಗ್ರ ಆಟಗಾರ್ತಿಯರ ಚಾಂಪಿಯನ್‌ಷಿಪ್‌ನ ಫೈನಲ್ ಪಂದ್ಯಕ್ಕೆ ಆಗ ಐದು ಸೆಟ್‌ಗಳ ನಿಯಮವಿತ್ತು. ಅಲ್ಲಿ ಅರ್ಜೆಂಟೀನಾದ ಗೇಬ್ರಿಯೆಲಾ ಸಬಟಿನಿ ಅವರನ್ನು ಸೆಲೆಸ್ 6–4, 5–7, 3–6, 6–4, 6–2ರಿಂದ ಸೋಲಿಸಿದರು. ಮಹಿಳೆಯರ ಪಂದ್ಯವೊಂದು ಪೂರ್ಣ ಐದು ಸೆಟ್‌ಗಳವರೆಗೆ ನಡೆದದ್ದು 1901ರ ಅಮೆರಿಕ ರಾಷ್ಟ್ರೀಯ ಚಾಂಪಿಯನ್‌ಷಿಪ್ ನಂತರ ಅದೇ ಮೊದಲು.

ಅಗ್ರ ಸ್ಥಾನದ ವರ್ಷಗಳು (1991–1993)

1991ರ ಜನವರಿಯಲ್ಲಿ ಯಾನಾ ನೊವೊಟ್ನಾ ಅವರನ್ನು ಸೋಲಿಸಿ ಸೆಲೆಸ್ ಆಸ್ಟ್ರೇಲಿಯನ್ ಓಪನ್ ಗೆದ್ದರು. ಮಾರ್ಚ್ 11ರಂದು, ಸತತ 186 ವಾರಗಳಿಂದ ಅಗ್ರ ಸ್ಥಾನದಲ್ಲಿದ್ದ ಗ್ರಾಫ್ ಅವರನ್ನು ಹಿಂದಿಕ್ಕಿ ವಿಶ್ವದ ಮೊದಲ ಕ್ರಮಾಂಕ ಪಡೆದರು. ಆಗ ಅವರಿಗೆ 17 ವರ್ಷ 3 ತಿಂಗಳು. ಅಲ್ಲಿಯವರೆಗೆ ಆ ಸ್ಥಾನಕ್ಕೇರಿದ ಆಟಗಾರ್ತಿಯರಲ್ಲಿ ಅತಿ ಕಿರಿಯರು ಅವರೇ. ಫ್ರೆಂಚ್ ಓಪನ್‌ನಲ್ಲಿ ಸ್ಪೇನ್‌ನ ಅರಾಂಚಾ ಸಾಂಚೆಜ್ ವಿಕಾರಿಯೊ ಅವರನ್ನೂ, ಯು.ಎಸ್. ಓಪನ್‌ನಲ್ಲಿ ಮಾರ್ಟಿನಾ ನವ್ರಾಟಿಲೋವಾ ಅವರನ್ನೂ ಫೈನಲ್‌ನಲ್ಲಿ ಮಣಿಸಿದರು. ಕಾಲಿನ ನೋವಿನಿಂದಾಗಿ ವಿಂಬಲ್ಡನ್‌ನಲ್ಲಿ ಆಡಲಿಲ್ಲ. ಆ ವರ್ಷ ಆಡಿದ 16 ಪಂದ್ಯಾವಳಿಗಳಲ್ಲೂ ಫೈನಲ್ ತಲುಪಿದ ಅವರು 10ರಲ್ಲಿ ಪ್ರಶಸ್ತಿ ಗೆದ್ದರು.

1992ರಲ್ಲಿಯೂ ಆಸ್ಟ್ರೇಲಿಯನ್, ಫ್ರೆಂಚ್ ಮತ್ತು ಯು.ಎಸ್. ಓಪನ್ ಪ್ರಶಸ್ತಿಗಳು ಅವರ ಪಾಲಾದವು. ಇವುಗಳಲ್ಲಿ ಫ್ರೆಂಚ್ ಓಪನ್ ಫೈನಲ್ ಇಂದಿಗೂ ಟೆನಿಸ್ ಅಭಿಮಾನಿಗಳು ನೆನೆಯುವ ಪಂದ್ಯ. ಗ್ರಾಫ್ ಎದುರಿನ ಈ ಪಂದ್ಯದ ನಿರ್ಣಾಯಕ ಸೆಟ್ 18 ಗೇಮ್‌ಗಳವರೆಗೆ ಬೆಳೆಯಿತು. ಸೆಲೆಸ್ 6–2, 3–6, 10–8ರಿಂದ ಗೆದ್ದರು. ಫ್ರೆಂಚ್ ಓಪನ್ ಸಿಂಗಲ್ಸ್ ಪ್ರಶಸ್ತಿಯನ್ನು ಸತತ ಮೂರು ವರ್ಷ ಗೆದ್ದ ಸಾಧನೆ, 1935ರಿಂದ 1937ರವರೆಗೆ ಗೆದ್ದ ಹಿಲ್ಡೆ ಸ್ಪರ್ಲಿಂಗ್ ಅವರ ನಂತರ ಸೆಲೆಸ್ ಅವರದೇ.

ವಿಂಬಲ್ಡನ್‌ನಲ್ಲಿ ಮಾತ್ರ ಪ್ರಶಸ್ತಿ ಕೈಗೆಟುಕಲಿಲ್ಲ. ಚೆಂಡನ್ನು ಹೊಡೆಯುವಾಗ ಸೆಲೆಸ್ ಜೋರಾಗಿ ಹುಂಕರಿಸುತ್ತಿದ್ದರು. 1992ರ ವಿಂಬಲ್ಡನ್‌ನಲ್ಲಿ ಎದುರಾಳಿಗಳು ಇದರ ಬಗ್ಗೆ ಅಂಪೈರ್‌ಗೆ ದೂರಿತ್ತರು. ಬ್ರಿಟನ್ನಿನ ಪತ್ರಿಕೆಗಳೂ ಅದನ್ನೇ ದೊಡ್ಡ ಸುದ್ದಿಯಾಗಿಸಿದವು. ಫೈನಲ್‌ನಲ್ಲಿ ಸೆಲೆಸ್ ಸದ್ದಡಗಿಸಿ ಆಡಲು ಯತ್ನಿಸಿದರು. ಮಳೆಯಿಂದ ಮತ್ತೆ ಮತ್ತೆ ನಿಂತ ಆ ಪಂದ್ಯವನ್ನು ಗ್ರಾಫ್ 6–2, 6–1ರಿಂದ ಸುಲಭವಾಗಿ ಗೆದ್ದರು. ಆಟಗಾರ್ತಿಯರ ಹುಂಕಾರ ಕ್ರೀಡಾನಿಯಮಕ್ಕೆ ವಿರುದ್ಧವೇ ಅಲ್ಲವೇ ಎಂಬ ಚರ್ಚೆ ಅಂದಿನಿಂದ ಇಂದಿನವರೆಗೂ ನಡೆದಿದೆ.

1993ರ ಜನವರಿಯಲ್ಲಿ ಆಸ್ಟ್ರೇಲಿಯನ್ ಓಪನ್ ಫೈನಲ್‌ನಲ್ಲಿ ಗ್ರಾಫ್ ಅವರನ್ನು 4–6, 6–3, 6–2ರಿಂದ ಸೋಲಿಸಿ ಸೆಲೆಸ್ ಎಂಟನೆಯ ಗ್ರ್ಯಾಂಡ್ ಸ್ಲಾಮ್ ಗೆದ್ದರು. 1991ರ ಜನವರಿಯಿಂದ 1993ರ ಫೆಬ್ರವರಿವರೆಗಿನ ಅವಧಿಯ ಅಂಕಿಗಳು ಅವರ ಪ್ರಾಬಲ್ಯವನ್ನು ಸ್ಪಷ್ಟವಾಗಿ ತೋರಿಸುತ್ತವೆ. ಈ ಅವಧಿಯಲ್ಲಿ ಆಡಿದ 34 ಪಂದ್ಯಾವಳಿಗಳಲ್ಲಿ 33ರಲ್ಲಿ ಫೈನಲ್ ತಲುಪಿದ ಅವರು 22ರಲ್ಲಿ ಪ್ರಶಸ್ತಿ ಗೆದ್ದರು. ಒಟ್ಟು 159 ಪಂದ್ಯಗಳಲ್ಲಿ ಗೆಲುವು, 12ರಲ್ಲಿ ಸೋಲು. ಭಾಗವಹಿಸಿದ 8 ಗ್ರ್ಯಾಂಡ್ ಸ್ಲಾಮ್ ಪಂದ್ಯಾವಳಿಗಳಲ್ಲಿ 7 ಪ್ರಶಸ್ತಿ. ಅವುಗಳಲ್ಲಿ ಆಡಿದ 56 ಪಂದ್ಯಗಳಲ್ಲಿ ಸೋತದ್ದು ಒಂದೇ ಒಂದು, ಅದು 1992ರ ವಿಂಬಲ್ಡನ್ ಫೈನಲ್.

ಹ್ಯಾಂಬರ್ಗ್ ಘಟನೆ (1993)

ವೈರಾಣು ಸೋಂಕಿನಿಂದಾಗಿ ಸುಮಾರು ಎರಡು ತಿಂಗಳು ವಿಶ್ರಾಂತಿ ಪಡೆದಿದ್ದ ಸೆಲೆಸ್, ಫ್ರೆಂಚ್ ಓಪನ್ ಸಿದ್ಧತೆಗಾಗಿ ಏಪ್ರಿಲ್ ಕೊನೆಯಲ್ಲಿ ಹ್ಯಾಂಬರ್ಗ್ ಪಂದ್ಯಾವಳಿಗೆ ಬಂದರು. ಏಪ್ರಿಲ್ 30ರಂದು ಕ್ವಾರ್ಟರ್‌ಫೈನಲ್‌ನಲ್ಲಿ ಬಲ್ಗೇರಿಯದ ಮಗ್ದಲೆನಾ ಮಲೀವಾ ವಿರುದ್ಧ 6–4, 4–3ರಿಂದ ಮುಂದಿದ್ದರು. ಆಟಗಾರ್ತಿಯರು ಬದಿ ಬದಲಿಸುವ ವಿರಾಮದಲ್ಲಿ ಪ್ರೇಕ್ಷಕರಿಗೆ ಬೆನ್ನು ಮಾಡಿ ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ಕುಳಿತಿದ್ದರು. ಆಗ ಪ್ರೇಕ್ಷಕರ ನಡುವಿನಿಂದ ಬಂದ 38 ವರ್ಷದ ವ್ಯಕ್ತಿಯೊಬ್ಬ ತಡೆಬೇಲಿಯ ಮೇಲಿಂದ ಕೈಚಾಚಿ, ಮಾಂಸ ಕೊಯ್ಯುವ ಉದ್ದನೆಯ ಚಾಕುವಿನಿಂದ ಅವರ ಹೆಗಲೆಲುಬುಗಳ ನಡುವೆ ಇರಿದನು. ಗಾಯದ ಆಳ ಸುಮಾರು 1.5 ಸೆಂಟಿಮೀಟರ್. ಬೆನ್ನುಹುರಿಗೆ ಪೆಟ್ಟಾಗಲಿಲ್ಲ. ಎರಡನೆಯ ಬಾರಿ ಇರಿಯುವ ಮೊದಲೇ ಆತನನ್ನು ಹಿಡಿಯಲಾಯಿತು.

ಆ ವ್ಯಕ್ತಿ ಸ್ಟೆಫಿ ಗ್ರಾಫ್ ಅವರ ಅತಿರೇಕದ ಅಭಿಮಾನಿ. ಗ್ರಾಫ್ ಮತ್ತೆ ಮೊದಲ ಕ್ರಮಾಂಕಕ್ಕೆ ಬರಬೇಕೆಂಬುದೇ ತನ್ನ ಉದ್ದೇಶವೆಂದು ಆತ ಹೇಳಿದನು. ಈ ಕೃತ್ಯದಲ್ಲಿ ಗ್ರಾಫ್ ಅವರ ಪಾತ್ರ ಯಾವುದೂ ಇರಲಿಲ್ಲ. ಅವರು ಆಸ್ಪತ್ರೆಗೆ ಹೋಗಿ ಸೆಲೆಸ್ ಅವರನ್ನು ಕಂಡರು. ಆರೋಪಿಯ ಮಾನಸಿಕ ಸ್ಥಿತಿ ಸಹಜವಾಗಿಲ್ಲವೆಂದು ಪರಿಗಣಿಸಿದ ಜರ್ಮನ್ ನ್ಯಾಯಾಲಯ 1993ರ ಅಕ್ಟೋಬರ್‌ನಲ್ಲಿ ಎರಡು ವರ್ಷಗಳ ಅಮಾನತು ಶಿಕ್ಷೆ ವಿಧಿಸಿತು. ಹೀಗಾಗಿ ತೀರ್ಪಿನ ನಂತರ ಆತ ಸೆರೆವಾಸ ಅನುಭವಿಸಬೇಕಾಗಲಿಲ್ಲ. ಈ ತೀರ್ಪು ವ್ಯಾಪಕ ಟೀಕೆಗೆ ಗುರಿಯಾಯಿತು. 1995ರಲ್ಲಿ ಮೇಲ್ಮನವಿಯ ವಿಚಾರಣೆಯಲ್ಲಿಯೂ ಅದೇ ತೀರ್ಪು ಎತ್ತಿಹಿಡಿಯಲ್ಪಟ್ಟಿತು. ಇನ್ನೆಂದೂ ಜರ್ಮನಿಯಲ್ಲಿ ಆಡುವುದಿಲ್ಲವೆಂದು ಸೆಲೆಸ್ ಪ್ರಕಟಿಸಿದರು ಮತ್ತು ಆ ಮಾತನ್ನು ಉಳಿಸಿಕೊಂಡರು.

ಕ್ರಮಾಂಕದ ಪ್ರಶ್ನೆ

ಟೆನಿಸ್‌ನಲ್ಲಿ ಕ್ರಮಾಂಕವು ಹಿಂದಿನ 52 ವಾರಗಳ ಸಾಧನೆಯನ್ನು ಅವಲಂಬಿಸಿರುತ್ತದೆ. ಯಾವುದೇ ಕಾರಣದಿಂದ ಆಡದೆ ಉಳಿದವರ ಸ್ಥಾನ ವಾರದಿಂದ ವಾರಕ್ಕೆ ಕುಸಿಯುತ್ತದೆ. ಆಡುವಾಗಲೇ ಹಲ್ಲೆಗೊಳಗಾದ ಆಟಗಾರ್ತಿಗೂ ಈ ನಿಯಮ ಅನ್ವಯಿಸಬೇಕೇ ಎಂಬ ಪ್ರಶ್ನೆ ಆಗ ಎದ್ದಿತು. ಸೆಲೆಸ್ ಚೇತರಿಸಿಕೊಂಡು ಬರುವವರೆಗೆ ಅವರ ಮೊದಲ ಕ್ರಮಾಂಕವನ್ನು ಹಾಗೆಯೇ ಉಳಿಸಬೇಕೆಂಬ ಸಲಹೆ ರೋಮ್ ಪಂದ್ಯಾವಳಿಯ ವೇಳೆ ಅಗ್ರ ಆಟಗಾರ್ತಿಯರ ಮುಂದೆ ಬಂದಿತು. ಮತದಾನದಲ್ಲಿ ಅವರು ಅದನ್ನು ತಿರಸ್ಕರಿಸಿದರು. ಗೇಬ್ರಿಯೆಲಾ ಸಬಟಿನಿ ಒಬ್ಬರೇ ವಿರೋಧವಾಗಿ ಮತ ಹಾಕದೆ ತಟಸ್ಥರಾಗಿ ಉಳಿದರು. 1993ರ ಜೂನ್‌ನಲ್ಲಿ ಗ್ರಾಫ್ ಮತ್ತೆ ಮೊದಲ ಕ್ರಮಾಂಕ ಪಡೆದರು. ಹಲ್ಲೆಕೋರನು ಬಯಸಿದ್ದೇ ನಡೆದಂತಾಯಿತೆಂಬ ನೋವು ಸೆಲೆಸ್ ಅವರನ್ನು ಬಹುಕಾಲ ಕಾಡಿತು. ದೇಹದ ಗಾಯಕ್ಕಿಂತ ಮನಸ್ಸಿನ ಗಾಯ ಮಾಯಲು ಹೆಚ್ಚು ಸಮಯ ಹಿಡಿಯಿತೆಂದು ಅವರ ಆತ್ಮಕಥನಗಳಿಂದ ತಿಳಿದುಬರುತ್ತದೆ.

ಸುರಕ್ಷತಾ ವ್ಯವಸ್ಥೆಯಲ್ಲಿ ಬದಲಾವಣೆ

ಈ ಘಟನೆಯವರೆಗೆ ಟೆನಿಸ್ ಅಂಕಣಗಳಲ್ಲಿ ಆಟಗಾರರಿಗೂ ಪ್ರೇಕ್ಷಕರಿಗೂ ನಡುವೆ ಅಂತರ ತೀರ ಕಡಿಮೆಯಿತ್ತು. ಹ್ಯಾಂಬರ್ಗ್ ನಂತರ ವಿರಾಮದ ವೇಳೆಯಲ್ಲಿ ಆಟಗಾರರ ಹಿಂದೆ ಪ್ರೇಕ್ಷಕರತ್ತ ಮುಖಮಾಡಿ ಕಾವಲುಗಾರರನ್ನು ನಿಲ್ಲಿಸುವುದು, ಕುರ್ಚಿಗಳನ್ನು ಪ್ರೇಕ್ಷಕರಿಂದ ದೂರವಿಡುವುದು ಮೊದಲಾದ ಕ್ರಮಗಳು ಜಾರಿಗೆ ಬಂದವು. ಇಂದು ದೊಡ್ಡ ಪಂದ್ಯಾವಳಿಗಳಲ್ಲಿ ಸಾಮಾನ್ಯವಾಗಿ ಕಾಣುವ ಈ ಕಾವಲಿನ ಹಿಂದೆ ಹ್ಯಾಂಬರ್ಗ್‌ನ ಪಾಠವಿದೆ.

ಪುನರಾಗಮನ (1995–1996)

ಸೆಲೆಸ್ 1994ರಲ್ಲಿ ಅಮೆರಿಕದ ಪೌರತ್ವ ಪಡೆದರು. 1995ರ ಜುಲೈನಲ್ಲಿ ಅಟ್ಲಾಂಟಿಕ್ ಸಿಟಿಯಲ್ಲಿ ನವ್ರಾಟಿಲೋವಾ ಜೊತೆ ಪ್ರದರ್ಶನ ಪಂದ್ಯವಾಡಿ ಗೆದ್ದರು. ಮಹಿಳಾ ಟೆನಿಸ್ ಸಂಸ್ಥೆ ಅವರಿಗೆ ಗ್ರಾಫ್ ಅವರೊಂದಿಗೆ ಜಂಟಿಯಾಗಿ ಮೊದಲ ಕ್ರಮಾಂಕ ನೀಡಿತು. ಆಗಸ್ಟ್‌ನಲ್ಲಿ ಟೊರಾಂಟೊದ ಕೆನಡಿಯನ್ ಓಪನ್ ಅವರು ಮರಳಿ ಬಂದ ನಂತರ ಆಡಿದ ಮೊದಲ ಪಂದ್ಯಾವಳಿ. ಅದರ ಫೈನಲ್‌ನಲ್ಲಿ ದಕ್ಷಿಣ ಆಫ್ರಿಕದ ಅಮಾಂಡಾ ಕೋಟ್ಜರ್ ಅವರನ್ನು 6–0, 6–1ರಿಂದ ಸೋಲಿಸಿ ಪ್ರಶಸ್ತಿಯನ್ನೇ ಗೆದ್ದರು. ಈ ಪಂದ್ಯಾವಳಿಯನ್ನು 1998ರವರೆಗೆ ಸತತ ನಾಲ್ಕು ವರ್ಷ ಗೆದ್ದದ್ದು ಅವರ ಉತ್ತರಾರ್ಧದ ಮುಖ್ಯ ಸಾಧನೆಗಳಲ್ಲೊಂದು.

ಕೆಲವೇ ದಿನಗಳಲ್ಲಿ ಯು.ಎಸ್. ಓಪನ್ ಆರಂಭವಾಯಿತು. ಒಂದೂ ಸೆಟ್ ಬಿಟ್ಟುಕೊಡದೆ ಸೆಲೆಸ್ ಫೈನಲ್ ತಲುಪಿದರು. ಎದುರಾಳಿ ಗ್ರಾಫ್. ಮೊದಲ ಸೆಟ್‌ನ ಟೈ-ಬ್ರೇಕ್‌ನಲ್ಲಿ ಸೆಲೆಸ್ 6–5ರಿಂದ ಮುಂದಿದ್ದಾಗ ಹೊಡೆದ ಸರ್ವ್ ಒಂದು ಏಸ್ ಎಂದು ಅವರು ಭಾವಿಸಿದರು. ಆದರೆ ಅದು ಗೆರೆಯ ಹೊರಗೆ ಬಿದ್ದಿತೆಂಬ ತೀರ್ಪು ಬಂತು. ಆ ಸೆಟ್ ಕೈತಪ್ಪಿತು. ಎರಡನೆಯ ಸೆಟ್ಟನ್ನು 6–0ರಿಂದ ಗೆದ್ದರೂ ಕೊನೆಗೆ 7–6, 0–6, 6–3ರಿಂದ ಪಂದ್ಯ ಗ್ರಾಫ್ ಅವರದಾಯಿತು. ಸೋತರೂ ಸೆಲೆಸ್ ಅವರ ಮರಳುವಿಕೆಯನ್ನು ಕ್ರೀಡಾಲೋಕ ಮನಸಾರೆ ಸ್ವಾಗತಿಸಿತು.

1996ರ ಆಸ್ಟ್ರೇಲಿಯನ್ ಓಪನ್ ಸೆಮಿಫೈನಲ್‌ನಲ್ಲಿ ಚಂದಾ ರೂಬಿನ್ ವಿರುದ್ಧ ಮೂರನೆಯ ಸೆಟ್‌ನಲ್ಲಿ 2–5ರಿಂದ ಹಿಂದಿದ್ದ ಸೆಲೆಸ್ ಆ ಸೆಟ್ಟನ್ನು 7–5ರಿಂದ ಗೆದ್ದರು. ಫೈನಲ್‌ನಲ್ಲಿ ಜರ್ಮನಿಯ ಆಂಕೆ ಹ್ಯೂಬರ್ ಅವರನ್ನು 6–4, 6–1ರಿಂದ ಸೋಲಿಸಿದರು. ಇದು ಅವರ ಒಂಬತ್ತನೆಯ ಮತ್ತು ಕೊನೆಯ ಗ್ರ್ಯಾಂಡ್ ಸ್ಲಾಮ್ ಪ್ರಶಸ್ತಿ. ಅಮೆರಿಕದ ಪರವಾಗಿ ಗೆದ್ದ ಏಕೈಕ ಗ್ರ್ಯಾಂಡ್ ಸ್ಲಾಮ್ ಕೂಡ ಇದೇ. ಅದೇ ವರ್ಷ ಭುಜದ ಗಾಯ ಅವರನ್ನು ಬಾಧಿಸಿತು. ಯು.ಎಸ್. ಓಪನ್ ಫೈನಲ್‌ನಲ್ಲಿ ಮತ್ತೆ ಗ್ರಾಫ್ ಎದುರು ಸೋತರು. ಆ ವರ್ಷ ಅಮೆರಿಕ ತಂಡದೊಂದಿಗೆ ಫೆಡ್ ಕಪ್ ಗೆದ್ದರು.

ತಂದೆಯ ಅಗಲಿಕೆ ಮತ್ತು 1998ರ ಫ್ರೆಂಚ್ ಓಪನ್

ಹ್ಯಾಂಬರ್ಗ್ ಘಟನೆಯ ನಂತರದ ವರ್ಷಗಳಲ್ಲಿ ತಂದೆ ಕಾರೊಲಿ ಸೆಲೆಸ್ ಅವರಿಗೆ ಹೊಟ್ಟೆಯ ಕ್ಯಾನ್ಸರ್ ಇರುವುದು ಪತ್ತೆಯಾಗಿತ್ತು. ದೀರ್ಘಕಾಲ ರೋಗದೊಡನೆ ಹೋರಾಡಿದ ಅವರು 1998ರ ಮೇ ತಿಂಗಳಲ್ಲಿ ನಿಧನರಾದರು. ಅದಾಗಿ ಕೆಲವೇ ದಿನಗಳಲ್ಲಿ ಮೋನಿಕಾ ಫ್ರೆಂಚ್ ಓಪನ್‌ನಲ್ಲಿ ಆಡಲು ನಿರ್ಧರಿಸಿದರು. ತಂದೆಯ ಉಂಗುರವನ್ನು ಸರದಲ್ಲಿ ಪೋಣಿಸಿ ಕೊರಳಿಗೆ ಧರಿಸಿ ಅಂಕಣಕ್ಕಿಳಿದರು. ಸೆಮಿಫೈನಲ್‌ನಲ್ಲಿ ಅಂದಿನ ಅಗ್ರ ಆಟಗಾರ್ತಿ ಮಾರ್ಟಿನಾ ಹಿಂಗಿಸ್ ಅವರನ್ನು 6–3, 6–2ರಿಂದ ಸೋಲಿಸಿದರು. ಫೈನಲ್‌ನಲ್ಲಿ ಸಾಂಚೆಜ್ ವಿಕಾರಿಯೊ 7–6, 0–6, 6–2ರಿಂದ ಗೆದ್ದರು. ಇದು ಸೆಲೆಸ್ ಆಡಿದ ಕೊನೆಯ ಗ್ರ್ಯಾಂಡ್ ಸ್ಲಾಮ್ ಫೈನಲ್.

ಕೊನೆಯ ವರ್ಷಗಳು (1999–2003)

1999ರ ಆಸ್ಟ್ರೇಲಿಯನ್ ಓಪನ್ ಸೆಮಿಫೈನಲ್‌ನಲ್ಲಿ ಹಿಂಗಿಸ್ ಎದುರು ಸೋಲುವವರೆಗೆ ಸೆಲೆಸ್ ಆ ಪಂದ್ಯಾವಳಿಯಲ್ಲಿ ಒಂದು ಪಂದ್ಯವನ್ನೂ ಸೋತಿರಲಿಲ್ಲ. 1991ರಿಂದ ಅಲ್ಲಿ ಸತತ 33 ಪಂದ್ಯಗಳನ್ನು ಗೆದ್ದಿದ್ದರು. ಅದೇ ವರ್ಷದ ಫ್ರೆಂಚ್ ಓಪನ್ ಸೆಮಿಫೈನಲ್‌ನಲ್ಲಿ ಗ್ರಾಫ್ ಮತ್ತು ಸೆಲೆಸ್ ಕೊನೆಯ ಬಾರಿಗೆ ಎದುರಾದರು. ಮೂರು ಸೆಟ್‌ಗಳಲ್ಲಿ ಗೆದ್ದ ಗ್ರಾಫ್ ಮುಂದೆ ಪ್ರಶಸ್ತಿಯನ್ನೂ ಪಡೆದರು. ಇಬ್ಬರ ನಡುವಿನ 15 ಪಂದ್ಯಗಳಲ್ಲಿ ಗ್ರಾಫ್ 10, ಸೆಲೆಸ್ 5 ಪಂದ್ಯಗಳನ್ನು ಗೆದ್ದರು. ಗ್ರ್ಯಾಂಡ್ ಸ್ಲಾಮ್ ಫೈನಲ್‌ಗಳಲ್ಲಿ ಮಾತ್ರ ಇಬ್ಬರೂ ಸಮಬಲರು: ಆರು ಫೈನಲ್‌ಗಳಲ್ಲಿ ತಲಾ ಮೂರು ಗೆಲುವು. ಸೆಲೆಸ್ ಅವರ ಮೂರೂ ಗೆಲುವು ಹ್ಯಾಂಬರ್ಗ್ ಘಟನೆಗೆ ಮೊದಲಿನವು.

2000ದ ಸಿಡ್ನಿ ಒಲಿಂಪಿಕ್ಸ್‌ನ ಸೆಮಿಫೈನಲ್‌ನಲ್ಲಿ ಸೆಲೆಸ್, ಮುಂದೆ ಚಿನ್ನದ ಪದಕ ಪಡೆದ ವೀನಸ್ ವಿಲಿಯಮ್ಸ್ ಅವರಿಗೆ ಮೂರು ಸೆಟ್‌ಗಳಲ್ಲಿ ಸೋತರು. ಕಂಚಿನ ಪದಕದ ಪಂದ್ಯದಲ್ಲಿ ಆಸ್ಟ್ರೇಲಿಯದ ಯೆಲೆನಾ ಡೊಕಿಚ್ ಅವರನ್ನು 6–1, 6–4ರಿಂದ ಮಣಿಸಿದರು. 1999 ಮತ್ತು 2000ದಲ್ಲಿ ಅಮೆರಿಕ ಫೆಡ್ ಕಪ್ ಗೆದ್ದಾಗಲೂ ಅವರು ತಂಡದಲ್ಲಿದ್ದರು. 2002ರ ಆಸ್ಟ್ರೇಲಿಯನ್ ಓಪನ್ ಕ್ವಾರ್ಟರ್‌ಫೈನಲ್‌ನಲ್ಲಿ ವೀನಸ್ ಅವರನ್ನು ಸೋಲಿಸಿ ಗಮನ ಸೆಳೆದರು. ಅದೇ ವರ್ಷ ಮ್ಯಾಡ್ರಿಡ್‌ನಲ್ಲಿ ಗೆದ್ದದ್ದು ಅವರ 53ನೆಯ ಮತ್ತು ಕೊನೆಯ ಸಿಂಗಲ್ಸ್ ಪ್ರಶಸ್ತಿ.

2003ರ ಹೊತ್ತಿಗೆ ಪಾದದ ಗಾಯ ತೀವ್ರವಾಯಿತು. ಆ ವರ್ಷದ ಫ್ರೆಂಚ್ ಓಪನ್ ಮೊದಲ ಸುತ್ತಿನಲ್ಲಿ ರಷ್ಯದ ನಾದಿಯಾ ಪೆಟ್ರೋವಾ ಎದುರು 6–4, 6–0ರಿಂದ ಸೋತರು. ಗ್ರ್ಯಾಂಡ್ ಸ್ಲಾಮ್ ಪಂದ್ಯಾವಳಿಯ ಮೊದಲ ಸುತ್ತಿನಲ್ಲಿ ಅವರು ಸೋತದ್ದು ಇಡೀ ವೃತ್ತಿಜೀವನದಲ್ಲಿ ಅದೊಂದೇ ಬಾರಿ. ಅದೇ ಅವರ ಕೊನೆಯ ಅಧಿಕೃತ ಪಂದ್ಯವೂ ಆಯಿತು. ಮರಳಿ ಬರುವ ಪ್ರಯತ್ನಗಳು ಕೈಗೂಡದೆ, 2008ರ ಫೆಬ್ರವರಿ 14ರಂದು ನಿವೃತ್ತಿಯನ್ನು ಅಧಿಕೃತವಾಗಿ ಪ್ರಕಟಿಸಿದರು.

ಆಟದ ಶೈಲಿ

ಸೆಲೆಸ್ ಎಡಗೈ ಆಟಗಾರ್ತಿ. ಫೋರ್‌ಹ್ಯಾಂಡ್ ಮತ್ತು ಬ್ಯಾಕ್‌ಹ್ಯಾಂಡ್ ಎರಡನ್ನೂ ಎರಡು ಕೈಗಳಿಂದ ಹೊಡೆಯುತ್ತಿದ್ದರು. ಇದರಿಂದ ಕೈಚಾಚುವ ದೂರ ಕಡಿಮೆಯಾಗುತ್ತದೆ. ಅಗಲದ ಚೆಂಡುಗಳನ್ನು ಮುಟ್ಟಲು ಹೆಚ್ಚು ಓಡಬೇಕಾಗುತ್ತದೆ. ಈ ಕೊರತೆಯನ್ನು ಅವರು ಬೇರೆ ರೀತಿಯಲ್ಲಿ ತುಂಬಿಕೊಂಡರು. ಬೇಸ್‌ಲೈನ್‌ನ ಒಳಗೆ ನಿಂತು, ನೆಲಕ್ಕೆ ಬಡಿದ ಚೆಂಡು ಇನ್ನೂ ಮೇಲೇರುತ್ತಿರುವಾಗಲೇ ಅದನ್ನು ಹೊಡೆಯುತ್ತಿದ್ದರು. ಹೀಗೆ ಹೊಡೆದಾಗ ಎದುರಾಳಿಗೆ ಸಾವರಿಸಿಕೊಳ್ಳಲು ಸಿಗುವ ಸಮಯ ಕಡಿಮೆಯಾಗುತ್ತದೆ. ಎರಡು ಕೈಗಳ ಹಿಡಿತದಿಂದ ಚೆಂಡನ್ನು ತೀರ ಓರೆಯಾಗಿ ಅಂಕಣದ ಅಂಚುಗಳಿಗೆ ಕಳುಹಿಸುವುದು ಸಾಧ್ಯವಾಗುತ್ತಿತ್ತು. ಹೊಡೆತ ಯಾವ ದಿಕ್ಕಿಗೆ ಹೋಗುವುದೆಂದು ಮೊದಲೇ ಊಹಿಸುವುದು ಎದುರಾಳಿಗೆ ಕಷ್ಟವಾಗುತ್ತಿತ್ತು. ಸರ್ವ್‌ಗೆ ಉತ್ತರವಾಗಿ ನೀಡುತ್ತಿದ್ದ ಮೊದಲ ಹೊಡೆತದಲ್ಲಿಯೇ ಆಕ್ರಮಣ ಆರಂಭಿಸುವುದು ಅವರ ಮತ್ತೊಂದು ಬಲ. ಆವೆಮಣ್ಣು ಮತ್ತು ಗಟ್ಟಿ ಅಂಕಣಗಳು ಈ ಆಟಕ್ಕೆ ಒಗ್ಗಿದವು. ಚೆಂಡು ತಗ್ಗಾಗಿ ಜಾರುವ ಹುಲ್ಲಿನ ಅಂಕಣದಲ್ಲಿ ಅವರಿಗೆ ಅಷ್ಟು ಯಶಸ್ಸು ದೊರೆಯಲಿಲ್ಲ. ಬೇಸ್‌ಲೈನ್‌ನಿಂದಲೇ ಬಲವಾಗಿ ಆಕ್ರಮಣ ಮಾಡುವ ಇಂದಿನ ಮಹಿಳಾ ಟೆನಿಸ್‌ಗೆ ದಾರಿ ತೋರಿದವರಲ್ಲಿ ಸೆಲೆಸ್ ಮುಖ್ಯರು.

ಬರವಣಿಗೆ ಮತ್ತು ನಂತರದ ಜೀವನ

ಸೆಲೆಸ್ ಎರಡು ಆತ್ಮಕಥನಗಳನ್ನು ಪ್ರಕಟಿಸಿದ್ದಾರೆ. 1996ರಲ್ಲಿ ಬಂದ ‘ಮೋನಿಕಾ: ಫ್ರಮ್ ಫಿಯರ್ ಟು ವಿಕ್ಟರಿ’ ಹ್ಯಾಂಬರ್ಗ್ ಘಟನೆ ಮತ್ತು ಪುನರಾಗಮನವನ್ನು ಕುರಿತದ್ದು. 2009ರ ‘ಗೆಟ್ಟಿಂಗ್ ಎ ಗ್ರಿಪ್’ ಕೃತಿಯಲ್ಲಿ, ಹಲ್ಲೆ ಮತ್ತು ತಂದೆಯ ಕಾಯಿಲೆಯ ದುಃಖದಲ್ಲಿ ತಮಗೆ ಅಂಟಿಕೊಂಡ ಅತಿಯಾಗಿ ತಿನ್ನುವ ತೊಂದರೆಯನ್ನು ಮುಚ್ಚುಮರೆಯಿಲ್ಲದೆ ವಿವರಿಸಿದ್ದಾರೆ. ಆಗ ಅವರ ದೇಹದ ತೂಕ ಪತ್ರಿಕೆಗಳ ಟೀಕೆಗೆ ವಸ್ತುವಾಗಿತ್ತು. ಆ ತೊಂದರೆಯೂ ಒಂದು ಕಾಯಿಲೆಯೆಂಬ ಅರಿವನ್ನು ಮೂಡಿಸಲು ಅವರು ನಂತರದ ವರ್ಷಗಳಲ್ಲಿ ಸಾರ್ವಜನಿಕವಾಗಿ ಮಾತನಾಡಿದರು. 2025ರ ಆಗಸ್ಟ್‌ನಲ್ಲಿ, ತಮಗೆ ಮಯಸ್ತೇನಿಯಾ ಗ್ರೇವಿಸ್ ಎಂಬ, ಸ್ನಾಯುಗಳನ್ನು ದುರ್ಬಲಗೊಳಿಸುವ ಕಾಯಿಲೆ ಇರುವುದನ್ನು ಬಹಿರಂಗಪಡಿಸಿದರು.

ಮೌಲ್ಯಮಾಪನ

ಸೆಲೆಸ್ ಅವರ ವೃತ್ತಿಜೀವನವನ್ನು ಕುರಿತ ಯಾವ ಚರ್ಚೆಯಲ್ಲಿಯೂ ಏಳುವ ಪ್ರಶ್ನೆ ಒಂದೇ: ಹ್ಯಾಂಬರ್ಗ್ ಘಟನೆ ನಡೆಯದಿದ್ದರೆ ಅವರು ಇನ್ನೆಷ್ಟು ಪ್ರಶಸ್ತಿಗಳನ್ನು ಗೆಲ್ಲುತ್ತಿದ್ದರು? ಇದಕ್ಕೆ ಉತ್ತರವನ್ನು ಊಹಿಸಬಹುದೇ ಹೊರತು ಸಾಧಿಸಿ ತೋರಿಸಲಾಗದು. ದಾಖಲೆಗಳು ಹೇಳುವುದು ಇಷ್ಟು: 19 ವರ್ಷ ವಯಸ್ಸಿನವರೆಗೆ 8 ಗ್ರ್ಯಾಂಡ್ ಸ್ಲಾಮ್, ಆ ನಂತರ 1. ಅವರು ಆಡದಿದ್ದ ಅವಧಿಯಲ್ಲಿ, 1993ರ ಫ್ರೆಂಚ್ ಓಪನ್‌ನಿಂದ 1994ರ ಆಸ್ಟ್ರೇಲಿಯನ್ ಓಪನ್‌ವರೆಗಿನ ನಾಲ್ಕು ಗ್ರ್ಯಾಂಡ್ ಸ್ಲಾಮ್‌ಗಳನ್ನೂ ಗ್ರಾಫ್ ಸತತವಾಗಿ ಗೆದ್ದರು. ಈ ಅಂಕಿಗಳಿಂದ ಗ್ರಾಫ್ ಅವರ 22 ಪ್ರಶಸ್ತಿಗಳ ಮೌಲ್ಯವನ್ನು ಕುಗ್ಗಿಸುವುದು ನ್ಯಾಯವಲ್ಲ. ಎದುರಿಗೆ ಬಂದವರೊಡನೆ ಆಡಿ ಗೆಲ್ಲುವುದಷ್ಟೇ ಆಟಗಾರ್ತಿಯ ಕೈಯಲ್ಲಿರುವುದು. ಹಾಗೆಯೇ ಸೆಲೆಸ್ ಅವರನ್ನು ಒಂದು ದುರ್ಘಟನೆಯ ಬಲಿಪಶುವಾಗಿ ಮಾತ್ರ ನೆನೆಯುವುದೂ ಸರಿಯಲ್ಲ. ಆ ದುರ್ಘಟನೆಗೆ ಮೊದಲು ಎರಡು ವರ್ಷ ಅವರಿಗೆ ಸರಿಸಾಟಿಯಾದವರು ವಿರಳ. ಅದರ ನಂತರವೂ ಎಂಟು ವರ್ಷ ಅವರು ಉನ್ನತ ಮಟ್ಟದಲ್ಲಿ ಆಡಿದರು.

ಗ್ರ್ಯಾಂಡ್ ಸ್ಲಾಮ್ ಸಿಂಗಲ್ಸ್ ಫೈನಲ್‌ಗಳು

ಗೆಲುವು (9)
1990 – ಫ್ರೆಂಚ್ ಓಪನ್ – ಸ್ಟೆಫಿ ಗ್ರಾಫ್ ವಿರುದ್ಧ – 7–6, 6–4
1991 – ಆಸ್ಟ್ರೇಲಿಯನ್ ಓಪನ್ – ಯಾನಾ ನೊವೊಟ್ನಾ ವಿರುದ್ಧ – 5–7, 6–3, 6–1
1991 – ಫ್ರೆಂಚ್ ಓಪನ್ – ಅರಾಂಚಾ ಸಾಂಚೆಜ್ ವಿಕಾರಿಯೊ ವಿರುದ್ಧ – 6–3, 6–4
1991 – ಯು.ಎಸ್. ಓಪನ್ – ಮಾರ್ಟಿನಾ ನವ್ರಾಟಿಲೋವಾ ವಿರುದ್ಧ – 7–6, 6–1
1992 – ಆಸ್ಟ್ರೇಲಿಯನ್ ಓಪನ್ – ಮೇರಿ ಜೋ ಫರ್ನಾಂಡಿಸ್ ವಿರುದ್ಧ – 6–2, 6–3
1992 – ಫ್ರೆಂಚ್ ಓಪನ್ – ಸ್ಟೆಫಿ ಗ್ರಾಫ್ ವಿರುದ್ಧ – 6–2, 3–6, 10–8
1992 – ಯು.ಎಸ್. ಓಪನ್ – ಅರಾಂಚಾ ಸಾಂಚೆಜ್ ವಿಕಾರಿಯೊ ವಿರುದ್ಧ – 6–3, 6–3
1993 – ಆಸ್ಟ್ರೇಲಿಯನ್ ಓಪನ್ – ಸ್ಟೆಫಿ ಗ್ರಾಫ್ ವಿರುದ್ಧ – 4–6, 6–3, 6–2
1996 – ಆಸ್ಟ್ರೇಲಿಯನ್ ಓಪನ್ – ಆಂಕೆ ಹ್ಯೂಬರ್ ವಿರುದ್ಧ – 6–4, 6–1

ಸೋಲು (4)
1992 – ವಿಂಬಲ್ಡನ್ – ಸ್ಟೆಫಿ ಗ್ರಾಫ್ ಎದುರು – 2–6, 1–6
1995 – ಯು.ಎಸ್. ಓಪನ್ – ಸ್ಟೆಫಿ ಗ್ರಾಫ್ ಎದುರು – 6–7, 6–0, 3–6
1996 – ಯು.ಎಸ್. ಓಪನ್ – ಸ್ಟೆಫಿ ಗ್ರಾಫ್ ಎದುರು – 5–7, 4–6
1998 – ಫ್ರೆಂಚ್ ಓಪನ್ – ಅರಾಂಚಾ ಸಾಂಚೆಜ್ ವಿಕಾರಿಯೊ ಎದುರು – 6–7, 6–0, 2–6

ವೃತ್ತಿಜೀವನದ ಅಂಕಿ-ಅಂಶಗಳು

ಸಿಂಗಲ್ಸ್ ಪಂದ್ಯಗಳು: 595 ಗೆಲುವು, 122 ಸೋಲು
ಸಿಂಗಲ್ಸ್ ಪ್ರಶಸ್ತಿಗಳು: 53
ಡಬಲ್ಸ್ ಪ್ರಶಸ್ತಿಗಳು: 6
ವರ್ಷಾಂತ್ಯದ ಚಾಂಪಿಯನ್‌ಷಿಪ್: 3 (1990, 1991, 1992)
ಅಗ್ರ ಕ್ರಮಾಂಕದಲ್ಲಿದ್ದ ಅವಧಿ: 178 ವಾರ
ಒಲಿಂಪಿಕ್ಸ್: ಕಂಚಿನ ಪದಕ (ಸಿಡ್ನಿ, 2000)
ಫೆಡ್ ಕಪ್: 3 (1996, 1999, 2000)
ಒಟ್ಟು ಬಹುಮಾನದ ಮೊತ್ತ: ಸುಮಾರು 1 ಕೋಟಿ 49 ಲಕ್ಷ ಅಮೆರಿಕನ್ ಡಾಲರ್